ಲೋಕಲ್ ಜಾಹೀರಾತು ವೆಬ್‌ಸೈಟ್ ನಡೆಸೋರಿಗೆ: ಒಂದೇ ಜಾಹೀರಾತು ಹತ್ತು ಪುಟ ಆದ್ರೆ ಗೂಗಲ್ ಏನ್ಮಾಡತ್ತೆ, ನೀವೇನ್ಮಾಡ್ಬೇಕು

ಬಾಡಿಗೆ ಮನೆ, ಸೈಟು, ಹಳೇ ಬೈಕು, ಕಾಫಿ ತೋಟ, ಹಸು, ಪಿಜಿ, ಕೆಲಸ ಖಾಲಿ ಇದೆ ಅಂತೆಲ್ಲ ಜಾಹೀರಾತು ತಗೊಳೋ ಲೋಕಲ್ ವೆಬ್‌ಸೈಟ್ ನಡೆಸೋರು ಹಾಸನದಲ್ಲಾಗ್ಲಿ ಚಿಕ್ಕಮಗಳೂರಲ್ಲಾಗ್ಲಿ ಸಿಕ್ಕಿದ್ರೆ ಕೇಳೋ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. ಇಷ್ಟೊಂದು ಜಾಹೀರಾತು ಇದೆ, ಗೂಗಲಲ್ಲಿ ಹುಡುಕಿದ್ರೆ ನಮ್ದು ಯಾಕ್ರೀ ಬರಲ್ಲ? ತೆಗೆದು ನೋಡಿದ್ರೆ ಬಹಳ ಸಲ ಕಾರಣ ಡೂಪ್ಲಿಕೇಟ್ ಕಂಟೆಂಟೇ ಆಗಿರತ್ತೆ, ಅಂದ್ರೆ ಅದೇ ವಿಷಯ ಬೇರೆ ಬೇರೆ ವೆಬ್ ಅಡ್ರೆಸ್‌ನಲ್ಲಿ ಮತ್ತೆ ಮತ್ತೆ ಇರೋದು. ನ್ಯೂಸ್ ವೆಬ್‌ಸೈಟಿಗೂ ಅಂಗಡಿ ವೆಬ್‌ಸೈಟಿಗೂ ಇದು ಕಾಡತ್ತೆ, ಆದ್ರೆ ಜಾಹೀರಾತು ವೆಬ್‌ಸೈಟಿಗೆ ಹುಟ್ಟಿದಾಗಿಂದಲೇ ಇರೋ ಕಾಯಿಲೆ ಇದು, ಯಾಕಂದ್ರೆ ಬರೆಯೋರು ನಾವಲ್ಲ, ಜನ ಬರೀತಾರೆ, ಬರೆದಿದ್ದನ್ನೇ ಇನ್ನೂ ನಾಕು ಕಡೆ ಹಾಕ್ತಾರೆ.

ಮೊದ್ಲು ಒಂದು ಭಯ ಬಿಡ್ಬೇಕು. ಡೂಪ್ಲಿಕೇಟ್ ಇದ್ರೆ ಗೂಗಲ್ ದಂಡ ಹಾಕತ್ತೆ, ವೆಬ್‌ಸೈಟನ್ನೇ ಬ್ಯಾನ್ ಮಾಡತ್ತೆ ಅಂತ ಹೇಳಿ ಹೆದರಿಸಿ ದುಡ್ಡು ತಗೊಳೋರು ಇದ್ದಾರೆ. ಆ ಥರ ಮಾಮೂಲಿ ಡೂಪ್ಲಿಕೇಟ್‌ಗೆ ಪೆನಾಲ್ಟಿ ಅನ್ನೋದೇ ಇಲ್ಲ ಅಂತ ಗೂಗಲ್‌ನವರು 2008ರಲ್ಲೇ ಬರೆದು ಹೇಳಿದ್ದಾರೆ. ಗೂಗಲ್ ಮಾಡೋದೇನು ಅಂದ್ರೆ ಒಂದೇ ಥರದ ಪುಟಗಳನ್ನೆಲ್ಲ ಒಂದು ಗುಂಪು ಮಾಡ್ಕೊಂಡು ಅದ್ರಲ್ಲಿ ಒಂದನ್ನ ಆರಿಸ್ಕೊಳತ್ತೆ, ಅದಕ್ಕೆ ಕ್ಯಾನೋನಿಕಲ್ ಅಂತಾರೆ, ಹುಡುಕಿದಾಗ ಅದನ್ನ ಮಾತ್ರ ತೋರಿಸತ್ತೆ, ಉಳಿದದ್ದು ಹಿಂದೆ ಕೂತಿರತ್ತೆ.

ಹಂಗಾದ್ರೆ ನಷ್ಟ ಎಲ್ಲಿ? ಮೂರು ಕಡೆ. ಆರಿಸ್ಕೊಂಡ ಪುಟ ನಿಮ್ಮದಲ್ಲದೇ ಇರಬಹುದು, ಅದೇ ಜಾಹೀರಾತು ದೊಡ್ಡ ವೆಬ್‌ಸೈಟಲ್ಲೂ ಇದ್ರೆ ಅವರದ್ದು ಬಂದು ನಿಮ್ಮದು ಹೋಗತ್ತೆ. ಎರಡ್ನೇದು, ಗೂಗಲ್‌ಬಾಟ್ (ಪುಟಗಳನ್ನ ಓದ್ಕೊಂಡು ಹೋಗೋ ಗೂಗಲ್‌ನ ಪ್ರೋಗ್ರಾಂ) ನಿಮ್ಮ ವೆಬ್‌ಸೈಟಿಗೆ ಕೊಡೋ ಟೈಮ್‌ಗೆ ಒಂದು ಮಿತಿ ಇದೆ, ಅದು ಕೆಲಸಕ್ಕೆ ಬಾರದ ಪುಟ ಓದ್ತಾ ಕೂತ್ರೆ ಇವತ್ತು ಬೆಳಿಗ್ಗೆ ಹಾಕಿದ ಹೊಸ ಜಾಹೀರಾತು ಅದರ ಕಣ್ಣಿಗೆ ಬೀಳೋ ಹೊತ್ತಿಗೆ ಮನೆ ಬಾಡಿಗೆಗೆ ಹೋಗಿರತ್ತೆ. ಮೂರ್ನೇದು ಇಡೀ ವೆಬ್‌ಸೈಟಿನ ಗುಣಮಟ್ಟದ ಲೆಕ್ಕ. 2011ರ ಫೆಬ್ರವರಿಲಿ ಪಾಂಡಾ ಅಂತ ಅಪ್‌ಡೇಟ್ ಬಂತು, ಹುರುಳಿಲ್ಲದ ಪುಟ ರಾಶಿ ಹಾಕಿರೋ ವೆಬ್‌ಸೈಟುಗಳನ್ನ ಕೆಳಗಿಳಿಸೋಕೆ ಅಂತಲೇ ಮಾಡಿದ್ದು, 2016ರಲ್ಲಿ ಅದು ಗೂಗಲ್‌ನ ಮುಖ್ಯ ರ‍್ಯಾಂಕಿಂಗ್ ಲೆಕ್ಕದೊಳಗೇ ಸೇರ್ಕೊಂಡ್ತು. ದಂಡ ಅನ್ನೋ ಹೆಸರಿಲ್ಲದೇ ಇದ್ರೂ ಕಸ ಜಾಸ್ತಿ ಇರೋ ಕಡೆ ಒಳ್ಳೇ ಪುಟಾನೂ ಮೇಲೆ ಬರೋದು ಕಷ್ಟ.

ಮೊದಲು ಎಷ್ಟಿದೆ ನೋಡ್ಕೊಳ್ಳಿ

ನಿಮ್ಮ ವೆಬ್‌ಸೈಟ್ ಗೂಗಲ್‌ಗೆ ಹೆಂಗೆ ಕಾಣತ್ತೆ ಅಂತ ತೋರಿಸೋ ಗೂಗಲ್‌ನದೇ ಟೂಲ್ ಸರ್ಚ್ ಕನ್ಸೋಲ್, ಅದಿಲ್ದೇ ಈ ಕೆಲಸ ಮಾಡಕ್ಕೇ ಆಗಲ್ಲ, ಫ್ರೀ ಇದೆ, ಹಾಕಿಲ್ಲಾಂದ್ರೆ ಇವತ್ತೇ ಹಾಕಿ, ಡೊಮೇನ್ ಪ್ರಾಪರ್ಟಿ ಅಂತ ಇರೋದನ್ನೇ ಆರಿಸಿ, ಎಲ್ಲಾ ರೂಪದ ಅಡ್ರೆಸ್‌ಗಳೂ ಒಂದೇ ಕಡೆ ಕಾಣ್ತವೆ. ಅದ್ರಲ್ಲಿ ಪೇಜಸ್ ರಿಪೋರ್ಟ್ ತೆಗೀರಿ. ಇಂಡೆಕ್ಸ್ (ಹುಡುಕಿದಾಗ ತೋರಿಸೋಕೆ ಗೂಗಲ್ ಇಟ್ಕೊಳೋ ಪುಟಗಳ ಸಂಗ್ರಹ) ಆಗದೇ ಇರೋದ್ರ ಪಟ್ಟೀಲಿ ಮೂರು ಸಾಲು ಹುಡುಕಿ. "ಡೂಪ್ಲಿಕೇಟ್ ವಿತೌಟ್ ಯೂಸರ್ ಸೆಲೆಕ್ಟೆಡ್ ಕ್ಯಾನೋನಿಕಲ್" ಅಂದ್ರೆ ಯಾವ್ದು ಅಸಲಿ ಅಂತ ನೀವು ಹೇಳಿಲ್ಲ, ಗೂಗಲ್ಲೇ ತೀರ್ಮಾನ ಮಾಡಿದೆ. "ಗೂಗಲ್ ಚೋಸ್ ಡಿಫರೆಂಟ್ ಕ್ಯಾನೋನಿಕಲ್" ಅಂತ ಇದ್ರೆ ನೀವು ಹೇಳಿದ್ದನ್ನ ಅದು ಒಪ್ಪಿಲ್ಲ. "ಕ್ರಾಲ್ಡ್, ಕರೆಂಟ್ಲಿ ನಾಟ್ ಇಂಡೆಕ್ಸ್ಡ್" ಅಂದ್ರೆ ಬಂದು ಓದಿದೆ, ಇಟ್ಕೊಳೋವಷ್ಟು ಏನೂ ಇಲ್ಲ ಅಂತ ಬಿಟ್ಟು ಹೋಗಿದೆ, ಜಾಹೀರಾತು ವೆಬ್‌ಸೈಟುಗಳಲ್ಲಿ ಈ ಸಾಲೇ ದೊಡ್ಡದಿರೋದು ಜಾಸ್ತಿ.

ಒಂದೊಂದ್ರಲ್ಲೂ ನಾಕೈದು ಅಡ್ರೆಸ್ ತಗೊಂಡು ಯುಆರ್‌ಎಲ್ ಇನ್‌ಸ್ಪೆಕ್ಷನ್‌ಗೆ ಹಾಕಿ ನೋಡಿ, ನೀವು ಹೇಳಿದ ಕ್ಯಾನೋನಿಕಲ್ ಯಾವ್ದು, ಗೂಗಲ್ ಆರಿಸಿದ್ದು ಯಾವ್ದು ಅಂತ ಎರಡೂ ತೋರಿಸತ್ತೆ. ಆಮೇಲೆ ಯಾವ್ದಾದ್ರೂ ಜಾಹೀರಾತಿನ ಒಂದು ಪೂರ್ತಿ ಸಾಲನ್ನ ಕೋಟ್ ಮಾರ್ಕ್ ಒಳಗೆ ಹಾಕಿ ಗೂಗಲಲ್ಲಿ ಹುಡುಕಿ, ಬೇರೆ ಎಲ್ಲೆಲ್ಲಿದೆ ಅಂತ ಗೊತ್ತಾಗತ್ತೆ. ಇದನ್ನ ಮಾಡದೇ ರಿಪೇರಿಗೆ ಇಳೀಬೇಡಿ, ಎಷ್ಟೋ ಜನ ಪ್ಲಗಿನ್ ಹಾಕಿ ಕೂತಿರ್ತಾರೆ, ತೊಂದರೆ ಇರೋದು ಇನ್ನೊಂದು ಕಡೆ.

ಒಂದು ಜಾಹೀರಾತಿಗೆ ಒಂದೇ ಅಡ್ರೆಸ್

ಎಚ್‌ಟಿಟಿಪಿ, ಎಚ್‌ಟಿಟಿಪಿಎಸ್, ಮುಂದೆ ಡಬ್ಲ್ಯೂಡಬ್ಲ್ಯೂಡಬ್ಲ್ಯೂ ಇರೋದು, ಇಲ್ದೇ ಇರೋದು ಅಂತ ನಾಕು ಬಾಗಿಲಿದ್ರೆ ಒಂದನ್ನ ಇಟ್ಕೊಂಡು ಉಳಿದ ಮೂರಕ್ಕೂ 301 ರೀಡೈರೆಕ್ಟ್ ಹಾಕಿ (ಒಂದು ಅಡ್ರೆಸ್ ತೆಗೆದೋರನ್ನ ಕಾಯಂ ಆಗಿ ಇನ್ನೊಂದಕ್ಕೆ ಕಳಿಸೋದು), ಹೋಸ್ಟಿಂಗ್‌ನವರಿಗೆ ಹೇಳಿದ್ರೂ ಮಾಡ್ಕೊಡ್ತಾರೆ, ಇದ್ರಲ್ಲಿ ಹೇಳೋಕೆ ಜಾಸ್ತಿ ಇಲ್ಲ.

ಕಣ್ಣಿಗೆ ಬೀಳದ ತೊಂದರೆ ಜಾಹೀರಾತು ಪುಟದ್ದು. "ವಿದ್ಯಾನಗರದಲ್ಲಿ ಮನೆ ಬಾಡಿಗೆಗೆ" ಅಂತ ಒಬ್ರು ಹಾಕ್ತಾರೆ, ಟೈಟಲ್‌ನಿಂದಲೇ ಅಡ್ರೆಸ್ ಹುಟ್ಟತ್ತೆ, ಎರಡು ದಿನ ಬಿಟ್ಟು ಬಂದು "ವಿದ್ಯಾನಗರದಲ್ಲಿ 2 ಬಿಎಚ್‌ಕೆ ಮನೆ ಬಾಡಿಗೆಗೆ" ಅಂತ ತಿದ್ದುತಾರೆ, ಹೊಸ ಅಡ್ರೆಸ್ ಹುಟ್ಟತ್ತೆ, ಹಳೇದೂ ತೆರೆಯತ್ತೆ. ಅದೇ ಜಾಹೀರಾತು ಮನೆ ವಿಭಾಗದ ಕೆಳಗೆ ಒಂದು ದಾರಿ, ಹಾಸನ ನಗರದ ಕೆಳಗೆ ಇನ್ನೊಂದು ದಾರಿ. ಪ್ರಿಂಟ್ ಪುಟ ಇದ್ರೆ ಇನ್ನೊಂದು. ವಾಟ್ಸಾಪ್ ಫೇಸ್‌ಬುಕ್‌ಗೆ ಶೇರ್ ಮಾಡಿದಾಗ ಅಡ್ರೆಸ್ ಹಿಂದೆ ಸೇರೋ ಉದ್ದ ಬಾಲ ಇನ್ನೊಂದು. ಹಿಂಗೆ ಒಂದು ಮನೆಗೆ ಐದಾರು ಪುಟ ಆಗ್ಬಿಡತ್ತೆ.

ಪರಿಹಾರ ಏನಂದ್ರೆ ಅಡ್ರೆಸ್‌ನಲ್ಲಿ ಜಾಹೀರಾತಿನ ನಂಬರ್ ಇರ್ಲಿ, ನಂಬರ್ ಸರಿ ಇದ್ದು ಟೈಟಲ್ ಭಾಗ ಹಳೇದಾಗಿದ್ರೆ ಹೊಸದಕ್ಕೆ 301 ಆಗಿ ಹೋಗ್ಲಿ. ಯಾವ ವಿಭಾಗದಿಂದ ಒಳಗೆ ಬಂದ್ರೂ ಲಿಂಕ್ ಅದೇ ಒಂದು ಅಡ್ರೆಸ್‌ಗೆ ಇರ್ಲಿ. ಮತ್ತೆ ಪ್ರತಿ ಜಾಹೀರಾತು ಪುಟದ ಹೆಡ್ ಭಾಗದಲ್ಲಿ ರೆಲ್ ಕ್ಯಾನೋನಿಕಲ್ ಟ್ಯಾಗ್ ಹಾಕಿ ತನ್ನ ಅಸಲಿ ಅಡ್ರೆಸ್ ತಾನೇ ಹೇಳ್ಕೊಳ್ಳಲಿ, ಎಚ್‌ಟಿಟಿಪಿಎಸ್‌ನಿಂದ ಶುರುವಾಗೋ ಪೂರ್ತಿ ಅಡ್ರೆಸ್. ಈ ಟ್ಯಾಗನ್ನ 2009ರ ಫೆಬ್ರವರಿಲಿ ಗೂಗಲ್, ಯಾಹೂ, ಮೈಕ್ರೋಸಾಫ್ಟ್ ಮೂರೂ ಸೇರಿ ತಂದಿದ್ದು, ಸಣ್ಣ ಕೆಲಸ, ಉಪಯೋಗ ದೊಡ್ಡದು. ಆದ್ರೆ ಅದು ಆಜ್ಞೆ ಅಲ್ಲ, ಸೂಚನೆ ಅಷ್ಟೇ. ಟ್ಯಾಗ್ ಒಂದು ಹೇಳತ್ತೆ, ಸೈಟ್‌ಮ್ಯಾಪ್‌ನಲ್ಲಿ (ಗೂಗಲ್‌ಗೆ ಕೊಡೋ ನಿಮ್ಮ ಪುಟಗಳ ಪಟ್ಟಿ) ಇನ್ನೊಂದಿದೆ, ಒಳಗಿನ ಲಿಂಕೆಲ್ಲ ಮೂರ್ನೇದಕ್ಕೆ ಹೋಗ್ತಿದೆ ಅಂದ್ರೆ ಗೂಗಲ್ ತನಗೆ ಸರಿ ಅನಿಸಿದ್ದನ್ನ ತಗೊಳತ್ತೆ. ಮೂರೂ ಒಂದೇ ಮಾತಾಡ್ಬೇಕು.

ಫಿಲ್ಟರ್ ಅನ್ನೋ ಕಾರ್ಖಾನೆ

ಒಂದು ಲೆಕ್ಕ ಹಾಕೋಣ. ಹಾಸನ ಜಿಲ್ಲೇಲಿ 8 ತಾಲೂಕು, ನಿಮ್ಮಲ್ಲಿ 25 ವಿಭಾಗ ಇದೆ ಅಂತಿಟ್ಕೊಳ್ಳಿ, 200 ಪಟ್ಟಿ ಪುಟ ಆಯ್ತು. ಪ್ರತಿಯೊಂದಕ್ಕೂ ಹೊಸದು ಮೊದಲು, ಹಳೇದು ಮೊದಲು, ಬೆಲೆ ಕಮ್ಮಿ, ಬೆಲೆ ಜಾಸ್ತಿ ಅಂತ 4 ಥರ ಜೋಡಣೆ, ಲಿಸ್ಟ್ ಮತ್ತು ಗ್ರಿಡ್ ಅಂತ 2 ನೋಟ, ಓನರ್, ಬ್ರೋಕರ್, ಎಲ್ಲಾ ಅಂತ 3 ಫಿಲ್ಟರ್. ಗುಣಿಸಿದ್ರೆ 4,800 ಪುಟ. ಫೋಟೋ ಇರೋದು ಮಾತ್ರ ಅಂತ ಇನ್ನೊಂದು ಟಿಕ್ ಬಾಕ್ಸ್ ಇಟ್ರೆ 9,600. ಒಳಗಿರೋ ಜಾಹೀರಾತು ಆರುನೂರೋ ಏಳುನೂರೋ ಇರ್ಬಹುದು! ಕೆಲವು ಸಾವಿರ ಪುಟದ ವೆಬ್‌ಸೈಟಿಗೆ ಕ್ರಾಲ್ ಬಜೆಟ್ (ಮೇಲೆ ಹೇಳಿದ ಗೂಗಲ್‌ಬಾಟ್ ಟೈಮಿನ ಮಿತಿ) ಚಿಂತೆ ಬೇಡ ಅಂತ ಗೂಗಲ್ ಹೇಳತ್ತೆ, ನಿಜ, ಆದ್ರೆ ಹಿಂಗೆ ಫಿಲ್ಟರ್ ಬಿಟ್ರೆ ಸಣ್ಣ ಊರಿನ ವೆಬ್‌ಸೈಟೂ ಆ ಗಡಿ ದಾಟತ್ತೆ.

ಜನ ಗೂಗಲಲ್ಲಿ ನಿಜವಾಗ್ಲೂ ಟೈಪ್ ಮಾಡೋದು ಯಾವ್ದೋ ಅದನ್ನ ಮಾತ್ರ ಇಂಡೆಕ್ಸ್‌ಗೆ ಬಿಡಿ. "ಹಾಸನದಲ್ಲಿ ಬಾಡಿಗೆ ಮನೆ" ಅಂತ ಹುಡುಕ್ತಾರೆ, "ಹಾಸನದಲ್ಲಿ ಬಾಡಿಗೆ ಮನೆ ಗ್ರಿಡ್ ನೋಟ ಹಳೇದು ಮೊದಲು" ಅಂತ ಯಾರೂ ಹುಡುಕಲ್ಲ. ಜೋಡಣೆ, ನೋಟ ಇವೆಲ್ಲದರ ಕ್ಯಾನೋನಿಕಲ್ ಮೂಲ ಪಟ್ಟಿಗೆ ಹೋಗ್ಲಿ. ಬೇಡದ ಫಿಲ್ಟರ್ ಪುಟಕ್ಕೆ ನೋಇಂಡೆಕ್ಸ್ ಹಾಕಿ, ಇದನ್ನ ಇಂಡೆಕ್ಸ್‌ಗೆ ತಗೋಬೇಡ ಅಂತ ಗೂಗಲ್‌ಗೆ ಹೇಳೋ ಟ್ಯಾಗ್ ಅದು.

ಇಲ್ಲಿ ತುಂಬಾ ಜನ ಜಾರಿ ಬೀಳೋ ಒಂದು ಜಾಗ ಇದೆ, ಗಮನ ಇಟ್ಟು ಓದಿ. ರೋಬೋಟ್ಸ್ ಫೈಲ್‌ನಲ್ಲಿ (ಬಾಟ್‌ಗಳು ಎಲ್ಲಿಗೆ ಬರಬಾರ್ದು ಅಂತ ಹೇಳೋ ಫೈಲ್) ಒಂದು ಪುಟವನ್ನ ಬ್ಲಾಕ್ ಮಾಡಿದ್ರೆ ಗೂಗಲ್ ಆ ಪುಟದ ಒಳಗೇ ಬರಲ್ಲ, ಬರಲಿಲ್ಲ ಅಂದ್ಮೇಲೆ ಒಳಗೆ ಹಾಕಿರೋ ನೋಇಂಡೆಕ್ಸೂ ಕಾಣಲ್ಲ ಕ್ಯಾನೋನಿಕಲೂ ಕಾಣಲ್ಲ, ಬೇರೆ ಕಡೆಯಿಂದ ಲಿಂಕ್ ಇದ್ರೆ ಬರೀ ಅಡ್ರೆಸ್ ಹಂಗೇ ಇಂಡೆಕ್ಸಲ್ಲಿ ಉಳೀಬಹುದು. ಹಾಗಾಗಿ ಈಗಾಗ್ಲೇ ಇಂಡೆಕ್ಸ್ ಆಗಿರೋದಕ್ಕೆ ಮೊದ್ಲು ನೋಇಂಡೆಕ್ಸ್ ಹಾಕಿ, ಅದು ಉದುರೋವರೆಗೆ ಕಾಯಿರಿ, ಆಮೇಲೆ ಬೇಕಾದ್ರೆ ರೋಬೋಟ್ಸ್‌ನಲ್ಲಿ ತಡೀರಿ. ಮೊದಲೆಲ್ಲ ಸರ್ಚ್ ಕನ್ಸೋಲಲ್ಲೇ ಇಂಥ ಪ್ಯಾರಾಮೀಟರ್‌ಗಳನ್ನ (ಫಿಲ್ಟರ್, ಜೋಡಣೆ ಆರಿಸಿದಾಗ ಅಡ್ರೆಸ್ ಹಿಂದೆ ಸೇರೋ ಬಾಲ) ಕಡೆಗಣಿಸು ಅಂತ ಹೇಳೋ ಟೂಲ್ ಇತ್ತು, 2022ರಲ್ಲಿ ತೆಗೆದ್ರು, ಹಳೇ ವಿಡಿಯೋ ನೋಡಿ ಅದನ್ನ ಹುಡುಕ್ತಾ ಕೂರ್ಬೇಡಿ.

ಪಟ್ಟಿಯ ಎರಡ್ನೇ ಪುಟ, ಮೂರ್ನೇ ಪುಟ ಇರತ್ತಲ್ಲ, ಅವುಗಳ ಕ್ಯಾನೋನಿಕಲ್ ಎಲ್ಲ ಒಂದ್ನೇ ಪುಟಕ್ಕೆ ಕೊಡೋದು ತಪ್ಪು. ಎರಡ್ನೇ ಪುಟದಲ್ಲಿರೋ ಜಾಹೀರಾತು ಬೇರೆ, ಅದು ಡೂಪ್ಲಿಕೇಟ್ ಅಲ್ಲ. ಹಾಗೆ ಮಾಡಿದ್ರೆ ಒಳಗಿನ ಜಾಹೀರಾತುಗಳಿಗೆ ಹೋಗೋ ದಾರೀನೇ ಮುಚ್ಚಿದಂಗಾಗತ್ತೆ. ಪ್ರತಿ ಪುಟವೂ ತನ್ನನ್ನೇ ತೋರಿಸ್ಲಿ. ನೆಕ್ಸ್ಟ್, ಪ್ರೆವ್ ಅನ್ನೋ ಟ್ಯಾಗ್‌ಗಳನ್ನ ಇಂಡೆಕ್ಸ್ ಮಾಡೋಕೆ ಬಳಸ್ತಾ ಇಲ್ಲ ಅಂತ ಗೂಗಲ್ 2019ರಲ್ಲೇ ಹೇಳಿದೆ, ಸಾಮಾನ್ಯ ಲಿಂಕ್ ಇದ್ರೆ ಸಾಕು.

ಊರಿನ ಹೆಸರು

ನಮ್ಮ ಭಾಗದಲ್ಲಿ ಇದು ವಿಶೇಷ ತಲೆನೋವು. 2014ರ ನವೆಂಬರ್ 1ಕ್ಕೆ ಚಿಕ್ಕಮಗಳೂರಿನ ಇಂಗ್ಲಿಷ್ ಸ್ಪೆಲಿಂಗ್ ಸರ್ಕಾರವೇ ಬದಲಾಯಿಸ್ತು, ಆದ್ರೂ ಜನ ಈಗ್ಲೂ ಇಂಗ್ಲಿಷಲ್ಲಿ ಹಳೇ ರೀತಿ, ಹೊಸ ರೀತಿ, ಮಧ್ಯದಲ್ಲಿ ಸಿ ಮತ್ತು ಕೆ ಎರಡೂ ಹಾಕಿ ಅಂತ ಮೂರ್ನಾಕು ಥರ ಬರೀತಾರೆ. ಸಕಲೇಶಪುರ, ಹೊಳೆನರಸೀಪುರ ಕೂಡ ಹಂಗೇ. ಜಾಹೀರಾತು ಹಾಕೋರು ಊರಿನ ಹೆಸರನ್ನ ತಾವೇ ಟೈಪ್ ಮಾಡೋ ಹಾಗೆ ಬಿಟ್ರೆ ಒಂದೂರಿಗೆ ನಾಕು ಊರಿನ ಪುಟ ಆಗತ್ತೆ, ಒಂದೊಂದ್ರಲ್ಲೂ ಎರಡೆರಡು ಜಾಹೀರಾತು, ಯಾವ್ದೂ ಮೇಲೆ ಬರಲ್ಲ. ಟೈಪ್ ಮಾಡೋ ಬಾಕ್ಸ್ ತೆಗೆದು ಆರಿಸ್ಕೊಳೋ ಪಟ್ಟಿ ಕೊಡಿ, ಹಳೇ ಸ್ಪೆಲಿಂಗ್ ಪುಟಗಳನ್ನ 301 ಹಾಕಿ ಒಂದಕ್ಕೆ ಸೇರಿಸಿ. ಆ ಸ್ಪೆಲಿಂಗಲ್ಲಿ ಹುಡುಕೋರು ತಪ್ಪೋಗ್ತಾರೆ ಅಂತ ಹೆದ್ರಬೇಡಿ, ಊರಿನ ಹೆಸರು ಹೆಂಗೆ ಬರೆದ್ರೂ ಸಾಮಾನ್ಯವಾಗಿ ಗೂಗಲ್ ಅರ್ಥ ಮಾಡ್ಕೊಳತ್ತೆ.

ಆಲೂರಲ್ಲಿ ಪಿಜಿ, ಅರಕಲಗೂಡಲ್ಲಿ ಪಿಜಿ, ಕೊಪ್ಪದಲ್ಲಿ ಪಿಜಿ ಅಂತ ಊರಿನ ಹೆಸರು ಮಾತ್ರ ಬದಲಾಯಿಸಿ ಅದೇ ಪ್ಯಾರಾ ಅಂಟಿಸಿರೋ ಪುಟಗಳನ್ನ ದಯವಿಟ್ಟು ತೆಗೀರಿ. ಇವನ್ನ ಡೋರ್‌ವೇ ಪುಟ ಅಂತಾರೆ, ಇದು ಗೂಗಲ್‌ನ ಸ್ಪ್ಯಾಮ್ ನಿಯಮಕ್ಕೇ ವಿರುದ್ಧ. ಜಾಹೀರಾತೇ ಇಲ್ಲದ ಊರು-ವಿಭಾಗಕ್ಕೆ ಪುಟ ಹುಟ್ಟಲೇಬಾರ್ದು, ಅಥವಾ ಹುಟ್ಟಿದ್ರೂ ನೋಇಂಡೆಕ್ಸ್ ಇರ್ಬೇಕು. ಕಡೇಪಕ್ಷ ಐದು ಜೀವಂತ ಜಾಹೀರಾತು ಇದ್ರೆ ಮಾತ್ರ ಇಂಡೆಕ್ಸ್‌ಗೆ ಬಿಡಿ ಅಂತ ನಾನು ಹೇಳ್ತೀನಿ, ಇದು ನನ್ನ ಅಂದಾಜು, ಗೂಗಲ್ ಕೊಟ್ಟ ಸಂಖ್ಯೆ ಅಲ್ಲ.

ಒಂದೇ ಮಾಲು ಹತ್ತು ಜನ ಹಾಕಿದಾಗ

ಇದು ಎಲ್ಲಕ್ಕಿಂತ ಕಷ್ಟದ್ದು. ಮೂಡಿಗೆರೆ ಕಡೆ ಒಂದು ತೋಟ ಮಾರಾಟಕ್ಕಿದೆ ಅಂದ್ರೆ ಓನರ್ ಒಂದ್ಸಲ ಹಾಕ್ತಾರೆ, ಮೂರು ಜನ ಬ್ರೋಕರ್‌ಗಳು ವಾಟ್ಸಾಪಲ್ಲಿ ಬಂದ ಅದೇ ಮೆಸೇಜು, ಅದೇ ಫೋಟೋ ಹಾಕ್ತಾರೆ, ಮೇಲೆ ಇರ್ಲಿ ಅಂತ ವಾರಕ್ಕೊಂದ್ಸಲ ಹೊಸದಾಗಿ ಮತ್ತೆ ಹಾಕ್ತಾರೆ. ಎರಡು ಪದ ಆಚೀಚೆ ಮಾಡಿದ್ರೆ ಗೂಗಲ್‌ಗೆ ಗೊತ್ತಾಗಲ್ಲ ಅಂದ್ಕೊಳ್ಳೋದು ಬೇಡ. 2007ರಲ್ಲೇ ಗೂಗಲ್‌ನ ಸಂಶೋಧಕರು ಇದರ ಬಗ್ಗೆ ಒಂದು ಪ್ರಬಂಧ ಪ್ರಕಟಿಸಿದ್ರು, ಪ್ರತಿ ಪುಟಕ್ಕೂ 64 ಬಿಟ್‌ನ ಒಂದು ಬೆರಳಚ್ಚು ತೆಗೆಯೋದು, ಎರಡು ಪುಟದ ಬೆರಳಚ್ಚಿನಲ್ಲಿ 3 ಬಿಟ್‌ಗಿಂತ ಜಾಸ್ತಿ ವ್ಯತ್ಯಾಸ ಇಲ್ಲಾಂದ್ರೆ ಎರಡೂ ಹೆಚ್ಚುಕಮ್ಮಿ ಒಂದೇ ಅಂತ ಲೆಕ್ಕ, 800 ಕೋಟಿ ಪುಟಗಳ ಮೇಲೆ ಅದು ಕೆಲಸ ಮಾಡತ್ತೆ ಅಂತ ತೋರಿಸಿದ್ರು. ಅಷ್ಟು ವರ್ಷದ ಹಿಂದೆನೇ ಅಷ್ಟು ಮಾಡ್ತಿದ್ರು.

ನೀವು ಅಷ್ಟೆಲ್ಲ ಮಾಡೋದು ಬೇಡ. ಜಾಹೀರಾತು ಸಬ್ಮಿಟ್ ಆಗೋ ಹೊತ್ತಿಗೇ ತಡೀರಿ, ಆಮೇಲೆ ತೊಳೆಯೋದಕ್ಕಿಂತ ಅದು ಸುಲಭ. ಅದೇ ಫೋನ್ ನಂಬರ್, ಅದೇ ವಿಭಾಗ, ಬೆಲೆ ಹತ್ತಿರ ಹತ್ತಿರ ಇದ್ರೆ "ಇದು ನೀವು ಹಾಕಿರೋ ಹಳೇ ಜಾಹೀರಾತಾ?" ಅಂತ ಕೇಳಿ ಹಳೇದನ್ನೇ ತೋರಿಸಿ, ಪಕ್ಕದಲ್ಲಿ "ರಿನ್ಯೂ ಮಾಡಿ" ಬಟನ್ ಇಡಿ, ಒತ್ತಿದ್ರೆ ಅದೇ ಅಡ್ರೆಸ್, ಹೊಸ ತಾರೀಕು, ಪಟ್ಟೀಲಿ ಮೇಲೆ. ಬ್ರೋಕರ್‌ಗೆ ಬೇಕಾಗಿದ್ದು ಮೇಲೆ ಬರೋದು ತಾನೇ, ಅದು ಸಿಕ್ಕಿದ್ರೆ ಮತ್ತೆ ಹೊಸದು ಹಾಕೋ ಗೋಜಿಗೆ ಹೋಗಲ್ಲ. ಬೇರೆ ಬೇರೆ ನಂಬರಿಂದ ಬಂದಿದ್ರೆ ಫೋಟೋ ಹಿಡ್ಕೊಡತ್ತೆ, ಪರ್ಸೆಪ್ಚುವಲ್ ಹ್ಯಾಶ್ ಅಂತ ಫ್ರೀ ಲೈಬ್ರರಿಗಳಿವೆ, ಸೈಜ್ ಚಿಕ್ಕದು ಮಾಡಿದ್ರೂ, ಕಂಪ್ರೆಸ್ ಆಗಿದ್ರೂ ಅದೇ ಫೋಟೋ ಅಂತ ಕಂಡುಹಿಡಿಯತ್ತೆ, ಡೆವಲಪರ್‌ಗೆ ಹೇಳಿ ಹಾಕಿಸಿ. ಸಿಕ್ಕಿದ್ದನ್ನ ತಾನಾಗೇ ಡಿಲೀಟ್ ಮಾಡ್ಬೇಡಿ, ಒಬ್ಬರು ಕಣ್ಣಲ್ಲಿ ನೋಡ್ಲಿ, ಒಂದೇ ಬಿಲ್ಡಿಂಗಲ್ಲಿ ನಿಜವಾಗ್ಲೂ ಮೂರು ಮನೆ ಖಾಲಿ ಇರ್ಬಹುದು.

ಅಸಲಿ ಕೆಲಸ ಫಾರ್ಮಲ್ಲಿ ಇದೆ

"2 ಬಿಎಚ್‌ಕೆ ಮನೆ ಬಾಡಿಗೆಗೆ ಇದೆ, ಎಲ್ಲಾ ಸೌಲಭ್ಯ ಇದೆ, ಆಸಕ್ತರು ಕರೆ ಮಾಡಿ." ಇಂಥ ಜಾಹೀರಾತು ಹಾಸನದಲ್ಲೂ ಇದೆ ಹುಬ್ಬಳ್ಳೀಲೂ ಇದೆ, ಗೂಗಲ್ ಯಾಕೆ ನಿಮ್ಮದನ್ನೇ ಇಟ್ಕೊಳ್ಬೇಕು? ಜನರನ್ನ ಚೆನ್ನಾಗಿ ಬರೀರಿ ಅಂತ ಬೇಡ್ಕೊಂಡ್ರೆ ಬರೆಯಲ್ಲ, ಆದ್ರೆ ಪ್ರಶ್ನೆ ಕೇಳಿದ್ರೆ ಉತ್ತರ ಕೊಡ್ತಾರೆ. ಹಾಗಾಗಿ ಖಾಲಿ ಬಾಕ್ಸ್ ಬದಲು ಪ್ರಶ್ನೆ ಕೊಡಿ.

ಮನೆಗೆ: ನಲ್ಲಿ ನೀರು ಎಷ್ಟು ದಿನಕ್ಕೊಂದ್ಸಲ ಬರತ್ತೆ, ಬೋರ್ ಇದೆಯಾ, ಸಂಪ್ ಇದೆಯಾ, ಅಡ್ವಾನ್ಸ್ ಎಷ್ಟು, ಬಾಡಿಗೆನೋ ಲೀಸೋ, ಮಾಲೀಕರು ಅದೇ ಬಿಲ್ಡಿಂಗಲ್ಲಿ ಇದ್ದಾರಾ, ಕಾರ್ ನಿಲ್ಲಿಸೋಕೆ ಜಾಗ ಇದೆಯಾ, ಸಾಲಗಾಮೆ ರಸ್ತೆಯಿಂದ ಅಥವಾ ಬಿ.ಎಂ. ರಸ್ತೆಯಿಂದ ಎಷ್ಟು ದೂರ. ತೋಟಕ್ಕೆ: ಅರೇಬಿಕಾ ಎಷ್ಟು ಎಕರೆ, ರೊಬಸ್ಟಾ ಎಷ್ಟು, ಮೆಣಸಿನ ಬಳ್ಳಿ ಇದೆಯಾ, ಕೆರೆ ಅಥವಾ ಹಳ್ಳ ಇದೆಯಾ, ಕಣ ಇದೆಯಾ, ಲೈನ್ ಮನೆ ಎಷ್ಟು, ಪಹಣಿ ಯಾರ ಹೆಸರಲ್ಲಿದೆ, ಪೋಡಿ ಆಗಿದೆಯಾ, ಲಾರಿ ತೋಟದೊಳಗೆ ಬರತ್ತಾ. ಹಸುಗೆ: ಎಷ್ಟನೇ ಸೂಲು, ಹೊತ್ತಿಗೆ ಎಷ್ಟು ಲೀಟರ್, ಗಬ್ಬ ಆಗಿದ್ರೆ ಎಷ್ಟು ತಿಂಗಳು. ಇವು ತಗೊಳೋರು ಫೋನಲ್ಲಿ ಹೆಂಗಿದ್ರೂ ಕೇಳೋ ಪ್ರಶ್ನೆಗಳೇ, ಹೊಸದೇನಲ್ಲ. ಉತ್ತರ ಬಂದಾಗ ಪುಟ ತಾನಾಗೇ ಬೇರೆ ಆಗತ್ತೆ, ಗೂಗಲಲ್ಲಿ ಮೇಲೆ ತರ್ತೀವಿ ಅನ್ನೋ ಯಾವ ಎಸ್‌ಇಒ ಕಂಪನಿನೂ ಬೆಂಗಳೂರಲ್ಲಿ ಕೂತು ಇದನ್ನ ಬರೆಯಕ್ಕಾಗಲ್ಲ. ನಿಜ ಹೇಳ್ಬೇಕಂದ್ರೆ ಈ ಲೇಖನದಲ್ಲಿ ಒಂದೇ ಒಂದು ಕೆಲಸ ಮಾಡೋಕೆ ಟೈಮ್ ಇದೆ ಅಂದ್ರೆ ಇದನ್ನೇ ಮಾಡಿ.

ಇದರ ಜೊತೆಗೆ, ಪ್ರತಿ ಪುಟದ ಕೆಳಗೆ "ಮುಂಗಡ ಹಣ ಕಳಿಸಬೇಡಿ" ಅಂತ ಶುರುವಾಗಿ ಉದ್ದಕ್ಕೆ ಹೋಗೋ ಎಚ್ಚರಿಕೆ, ನಿಯಮ ಇವನ್ನ ಒಂದು ಸಾಲಿಗೆ ಇಳಿಸಿ ಉಳಿದದ್ದನ್ನ ಬೇರೆ ಪುಟಕ್ಕೆ ಹಾಕಿ ಲಿಂಕ್ ಕೊಡಿ. ಜಾಹೀರಾತು ಎರಡು ಸಾಲು, ನಿಯಮ ಮುನ್ನೂರು ಪದ ಅಂದ್ರೆ ಎಲ್ಲಾ ಪುಟಗಳೂ ಒಂದೇ ಥರ ಕಾಣ್ತವೆ.

ಕನ್ನಡ ಮತ್ತೆ ಇಂಗ್ಲಿಷ್ ಎರಡೂ ಇದ್ರೆ ಡೂಪ್ಲಿಕೇಟ್ ಆಗತ್ತಾ ಅಂತ ಕೇಳ್ತಾರೆ. ಆಗಲ್ಲ, ಅನುವಾದ ಆಗಿರೋ ಪುಟ ಬೇರೆ ಪುಟನೇ, ಎಚ್‌ರೆಫ್‌ಲ್ಯಾಂಗ್ ಟ್ಯಾಗ್ ಹಾಕಿ ಒಂದಕ್ಕೊಂದು ಪರಿಚಯ ಮಾಡಿಸಿ ಅಷ್ಟೇ. ಆದ್ರೆ ಮೆನು ಬಟನ್ ಮಾತ್ರ ಕನ್ನಡ ಮಾಡಿ ಒಳಗಿನ ಜಾಹೀರಾತು ಎರಡರಲ್ಲೂ ಅದೇ ಇಂಗ್ಲಿಷಲ್ಲಿ ಇದ್ರೆ ಅದು ಡೂಪ್ಲಿಕೇಟೇ.

ಬೇರೆ ಕಡೆಯಿಂದ ಎತ್ತಿ ತುಂಬೋದು

ಶುರುವಲ್ಲಿ ಖಾಲಿ ಕಾಣತ್ತೆ ಅಂತ ದೊಡ್ಡ ವೆಬ್‌ಸೈಟುಗಳಿಂದ ಜಾಹೀರಾತು ಕಾಪಿ ಮಾಡಿ ತುಂಬೋ ಸ್ಕ್ರಿಪ್ಟ್ ಮಾರೋರಿದ್ದಾರೆ. ಬೇಡ ಕಣ್ರೀ. ಮೇಲೆ ಪೆನಾಲ್ಟಿ ಇಲ್ಲ ಅಂದೆನಲ್ಲ, ಇಲ್ಲಿ ಇದೆ. ರ‍್ಯಾಂಕಿಂಗ್‌ಗೋಸ್ಕರ ರಾಶಿ ರಾಶಿ ಪುಟ ಹುಟ್ಟುಹಾಕೋದು, ಎತ್ತಿಕೊಂಡು ಬಂದು ತುಂಬೋದು ಸ್ಪ್ಯಾಮ್ ಅಂತಲೇ ಗೂಗಲ್ ನಿಯಮ, 2024ರ ಮಾರ್ಚಲ್ಲಿ ಅದನ್ನ ಇನ್ನೂ ಬಿಗಿ ಮಾಡಿದ್ರು, ಮ್ಯಾನುವಲ್ ಆಕ್ಷನ್, ಅಂದ್ರೆ ಗೂಗಲ್‌ನವರೇ ನೋಡಿ ತಗೊಳೋ ಕ್ರಮ ಬಂದ್ರೆ ಪೂರ್ತಿ ವೆಬ್‌ಸೈಟೇ ಕಾಣದಂಗಾಗಬಹುದು. ಫೋಟೋ ಮೇಲೆ ಕಾಪಿರೈಟ್ ಬೇರೆ ಇದೆ. ನೂರು ಕದ್ದಿದ್ದಕ್ಕಿಂತ ಪಕ್ಕದ ಬೀದೀಲಿ ಟು-ಲೆಟ್ ಬೋರ್ಡ್ ಹಾಕಿರೋ ಹತ್ತು ಮನೆಯವರನ್ನ ಕೇಳಿ ಹಾಕಿದ್ದು ಮೇಲು.

ನಿಮ್ಮದನ್ನ ಬೇರೆಯವರು ಎತ್ತಿದ್ರೆ? ಹೊಸ ಜಾಹೀರಾತು ಬಂದ ಕೂಡ್ಲೇ ಸೈಟ್‌ಮ್ಯಾಪ್‌ಗೆ ಸರಿಯಾದ ತಾರೀಕಿನ ಜೊತೆ ಸೇರೋ ಹಾಗೆ ಮಾಡಿ, ಗೂಗಲ್ ನಿಮ್ಮದನ್ನ ಬೇಗ ನೋಡ್ಲಿ. ಕೆಲಸ ಖಾಲಿ ಇದೆ ಅನ್ನೋ ಜಾಹೀರಾತಿಗೆ ಜಾಬ್ ಪೋಸ್ಟಿಂಗ್ ಮಾರ್ಕಪ್ (ಇದು ಕೆಲಸದ ಜಾಹೀರಾತು ಅಂತ ಗೂಗಲ್‌ಗೆ ತಿಳಿಸೋ ಕೋಡ್) ಹಾಕಿದ್ರೆ ಗೂಗಲ್‌ನ ಇಂಡೆಕ್ಸಿಂಗ್ ಎಪಿಐ ಮೂಲಕ ಹೊಸ ಪುಟ ಬಂದಿದೆ ಅಂತ ನೇರವಾಗೂ ತಿಳಿಸಬಹುದು, ಮನೆ, ಬೈಕಿಗೆ ಅದು ಇಲ್ಲ. ನೀವೇ ಒಪ್ಪಿ ಬೇರೆ ವೆಬ್‌ಸೈಟಿಗೆ ಜಾಹೀರಾತು ಕೊಡ್ತಿದ್ರೆ ಅವರ ಕಡೆ ನೋಇಂಡೆಕ್ಸ್ ಹಾಕಿಸಿ, ಹೇಳದೇ ಎತ್ತಿದ್ರೆ ಗೂಗಲ್‌ಗೆ ಕಾಪಿರೈಟ್ ದೂರು ಕೊಡೋ ಫಾರ್ಮ್ ಇದೆ.

ಮುಗಿದುಹೋದ ಜಾಹೀರಾತು

ಮನೆ ಹೋಯ್ತು, ಬೈಕ್ ಮಾರಾಟ ಆಯ್ತು, ಪುಟ ಏನ್ಮಾಡೋದು. ಎಲ್ಲಾನೂ ಹೋಂ ಪೇಜಿಗೆ ರೀಡೈರೆಕ್ಟ್ ಮಾಡೋದು ಬೇಡ, ಗೂಗಲ್ ಅದನ್ನ ಸಾಫ್ಟ್ 404 (ಇಲ್ಲದ ಪುಟವನ್ನ ಇದೆ ಅಂತ ತೋರಿಸೋದು) ಅಂತ ಹಿಡೀತದೆ, ಮನೆ ಹುಡುಕ್ಕೊಂಡು ಬಂದೋರಿಗೂ ಸಿಟ್ಟು ಬರತ್ತೆ. ಕೆಲವು ದಿನ "ಬಾಡಿಗೆಗೆ ಹೋಗಿದೆ" ಅಂತ ಮೇಲೆ ದೊಡ್ಡದಾಗಿ ಬರೆದು ಅದೇ ಏರಿಯಾದ ಇನ್ನೊಂದಿಷ್ಟು ಮನೆ ಕೆಳಗೆ ತೋರಿಸಿ, ಆಮೇಲೆ ಪುಟ ಇಲ್ಲ ಅಂತ ಹೇಳೋ 404 ಅಥವಾ 410 ಕೋಡ್ ಕೊಟ್ಟು ಸೈಟ್‌ಮ್ಯಾಪಿಂದಲೂ ತೆಗೀರಿ, ಎರಡರಲ್ಲಿ ಯಾವ್ದು ಕೊಟ್ರೂ ದೊಡ್ಡ ವ್ಯತ್ಯಾಸ ಇಲ್ಲ. ಕೆಲಸದ ಜಾಹೀರಾತನ್ನ ಮಾತ್ರ ಕೊನೇ ದಿನ ಆದ ಕೂಡ್ಲೇ ತೆಗೀಬೇಕು.

ಇಷ್ಟೆಲ್ಲ ಮಾಡಿದ್ಮೇಲೆ ಸರ್ಚ್ ಕನ್ಸೋಲಲ್ಲಿ ಇಂಡೆಕ್ಸ್ ಆದ ಪುಟಗಳ ಸಂಖ್ಯೆ ಇಳಿಯತ್ತೆ, ಅದನ್ನ ನೋಡಿ ಗಾಬರಿಯಾಗಿ ವಾಪಸ್ ತಿರುಗಿಸ್ಬೇಡಿ, ಕಸ ಹೋಗ್ತಿದೆ ಅಷ್ಟೇ. ನೋಡ್ಬೇಕಾದ್ದು ಪರ್ಫಾರ್ಮೆನ್ಸ್ ರಿಪೋರ್ಟಲ್ಲಿ ಜಾಹೀರಾತು ಪುಟಗಳನ್ನ ಮಾತ್ರ ಫಿಲ್ಟರ್ ಮಾಡ್ಕೊಂಡು ಇಂಪ್ರೆಷನ್ (ಗೂಗಲಲ್ಲಿ ಎಷ್ಟು ಸಲ ಕಾಣಿಸ್ತು), ಕ್ಲಿಕ್ ಎರಡೂ ಹೆಂಗೆ ಹೋಗ್ತಿವೆ ಅಂತ, ಮತ್ತೆ ಹೊಸ ಜಾಹೀರಾತು ಹಾಕಿದ್ಮೇಲೆ ಎಷ್ಟು ದಿನಕ್ಕೆ ಇಂಡೆಕ್ಸ್ ಆಗ್ತಿದೆ ಅಂತ. ರೀಡೈರೆಕ್ಟ್, ಕ್ಯಾನೋನಿಕಲ್ ಗೂಗಲ್‌ಗೆ ತಲುಪೋಕೆ ವಾರಗಟ್ಟಲೆ ಬೇಕು, ವೆಬ್‌ಸೈಟಿನ ಒಟ್ಟು ಗುಣಮಟ್ಟದ ಲೆಕ್ಕ ಬದಲಾಗೋಕೆ ತಿಂಗಳುಗಳೇ ಹಿಡೀಬಹುದು. ಅಲ್ಲೀವರೆಗೆ ಒಂದ್ಸಲಕ್ಕೆ ಒಂದೇ ಬದಲಾವಣೆ ಮಾಡಿ, ಮಾಡಿದ ತಾರೀಕನ್ನ ಒಂದು ಶೀಟಲ್ಲಿ ಬರೆದಿಟ್ಕೊಳ್ಳಿ, ಇಲ್ಲಾಂದ್ರೆ ಯಾವುದ್ರಿಂದ ಏನಾಯ್ತು ಅಂತ ಆಮೇಲೆ ಗೊತ್ತೇ ಆಗಲ್ಲ.